ತಾಳಮದ್ದಳೆ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡ್ಲಿಕ್ಕುಂಟು: ಕ್ಲೌಡ್ ಎಷ್ಟು ಬೇಕು, ಎಐ ಎಷ್ಟು ಬೇಕು?

ಕದ್ರಿಗುಡ್ಡೆ
ಕೆಲಸ ಕ್ಲೌಡ್ ಇಂಜಿನಿಯರಿಂಗ್. ಹಗಲಿಡೀ ಟೆರಾಫಾರ್ಮ್, ಪೈಪ್‌ಲೈನ್, ಅಲರ್ಟು. ಸಂಜೆಗೆ ಸ್ವಂತದ್ದು ಅಂತ ಒಂದು ಪ್ರಾಜೆಕ್ಟ್ ಬೇಕಿತ್ತು. ಮನೆಯಲ್ಲಿ ಇನ್ನೂರರ ಹತ್ತಿರ ಕ್ಯಾಸೆಟ್ ಉಂಟು, ಹೆಚ್ಚಿನವು ಸಿ-90. ಎಂಬತ್ತು, ತೊಂಬತ್ತರ ದಶಕದ ತಾಳಮದ್ದಳೆ (ವೇಷವಿಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ), ಕೆಲವು ಬಯಲಾಟ. ಎಲ್ಲ ಟೂ-ಇನ್-ವನ್‌ನಲ್ಲಿ ಹಿಡಿದದ್ದು.

ಈಗಿನ ಪ್ಲಾನ್: ಫೈಲ್ ಅಮೆಜಾನ್ ಕ್ಲೌಡಿನ ಗೋದಾಮು ಎಸ್3ಗೆ ಬಿದ್ದ ಕೂಡಲೇ ಲ್ಯಾಂಬ್ಡಾ (ತನ್ನಷ್ಟಕ್ಕೆ ಓಡುವ ಕೋಡ್) ಎದ್ದು ಓಪಸ್ ಎಂಬ ಸಣ್ಣ ಆಡಿಯೋ ಫೈಲ್ ಮಾಡಬೇಕು, ಎಐ ಹಾಕಿ ಗದ್ದಲ ತೆಗೆಯಬೇಕು, ವಿಸ್ಪರ್‌ನಲ್ಲಿ ಅರ್ಥವನ್ನೆಲ್ಲ (ಪದ್ಯದ ಮೇಲೆ ಕಲಾವಿದರು ಆಡುವ ಮಾತು) ಅಕ್ಷರಕ್ಕಿಳಿಸಬೇಕು, ಮೇಲೆ ಹುಡುಕಲಿಕ್ಕೊಂದು ವೆಬ್‌ಸೈಟ್. ಸಣ್ಣ ಕುಬರ್ನೆಟೀಸ್ ಕ್ಲಸ್ಟರ್ (ಹಲವು ಸರ್ವರ್ ಒಟ್ಟಿಗೆ ನಡೆಸುವ ವ್ಯವಸ್ಥೆ) ಆದ್ರೆ ಒಳ್ಳೇದು ಅಂತ ಉಂಟು.

ಕೇಳ್ಲಿಕ್ಕಿರುವುದು: ಕೆಪಾಸಿಟಿ ಎಷ್ಟು ಹಿಡಿಯಬೇಕು? ಗದ್ದಲ ತೆಗೆಯುವುದಕ್ಕೆ ಯಾವ ಮಾಡೆಲ್ ಸಮ? ಮತ್ತೆ, ಪೈಪ್‌ಲೈನ್ ಕಟ್ಟುವುದು ಆಫೀಸಿನ ಕೆಲಸವೇ ಆಯ್ತಲ್ಲ, ಇದರಲ್ಲಿ ಕ್ರಿಯೇಟಿವ್ ಅಂತ ಹೇಳುವ ಭಾಗ ಎಲ್ಲಿ ಉಂಟು?

ಯಾಮಲ್‌ವೈರಿ
ಇನ್ನೂರು ಕ್ಯಾಸೆಟ್ಟಿಗೆ ಕುಬರ್ನೆಟೀಸಾ ಮಾರಾಯ್ರೆ? ಕ್ಲಸ್ಟರ್ ಅಪ್‌ಗ್ರೇಡ್ ಮಾಡಿ ಮುಗಿಸುವಷ್ಟರಲ್ಲಿ ಟೇಪಿಗೆ ಬೂಷ್ಟು ಹಿಡೀತದೆ.

ಬಂದರ್_ಬಿಟ್ಸ್
ಮೊದ್ಲು ಲೆಕ್ಕ ಹಾಕುವ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ: ಸೆಕೆಂಡಿಗೆ 2,88,000 ಬೈಟ್, ಗಂಟೆಗೆ 1.04 ಜಿಬಿ. ಒಂದು ಸಿ-90ಗೆ 1.56 ಜಿಬಿ, ಇನ್ನೂರಕ್ಕೆ 311 ಜಿಬಿ. ಟೇಪಿನ ಹಿಸ್ ಇರುವ ಕಾರಣ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸುವ ರೂಪ) ಮಾಡಿದ್ರೂ ವಿಪರೀತ ಕುಗ್ಗುವುದಿಲ್ಲ, ಮೂರನೇ ಒಂದು ಪಾಲು ಕಡಿಮೆ ಆದೀತು. 200 ಜಿಬಿ ಅಂತಿಟ್ಟುಕೊಳ್ಳಿ.

ಕೇಳುವ ಪ್ರತಿ ಓಪಸ್ 64 ಕೆಬಿಪಿಎಸ್ ಸಾಕು, ತೊಂಬತ್ತು ನಿಮಿಷಕ್ಕೆ 43 ಎಂಬಿ. ಇನ್ನೂರು ಸೇರಿ 8.6 ಜಿಬಿ. ಕ್ಲೌಡ್‌ಫ್ಲೇರ್ ಆರ್2ನಲ್ಲಿ 10 ಜಿಬಿ ಪುಕ್ಕಟೆ, ಹೊರಗೆ ಹೋಗುವ ಡೇಟಾಕ್ಕೂ ದುಡ್ಡಿಲ್ಲ. ಅಂದ್ರೆ ಊರಿನವರು ಎಷ್ಟು ಕೇಳಿದ್ರೂ ಬಿಲ್ ಸೊನ್ನೆಯ ಹತ್ತಿರವೇ. ಮೂಲ ಫ್ಲ್ಯಾಕ್ ಬ್ಯಾಕ್‌ಬ್ಲೇಜ್ ಬಿ2ನಲ್ಲಿ ಇಟ್ರೆ ತಿಂಗಳಿಗೆ ಒಂದೆರಡು ಡಾಲರ್.

ಅಗ್ಗ ಅಂತ ಎಸ್3 ಡೀಪ್ ಆರ್ಕೈವ್ ಮೇಲೆ ಆಸೆ ಪಡುವವರಿಗೆ: ವಾಪಸ್ ತೆಗೀಲಿಕ್ಕೆ 12 ಗಂಟೆವರೆಗೆ, ಬಲ್ಕ್ ಆದ್ರೆ 48 ಗಂಟೆವರೆಗೆ ಕಾಯಬೇಕು. 180 ದಿನದ ಮೊದಲು ಅಳಿಸಿದ್ರೂ ಅಷ್ಟೂ ದಿನದ ಬಾಡಿಗೆ ಕೊಡ್ಲಿಕ್ಕುಂಟು. ಮನೆಯಲ್ಲಿ ಎರಡು ಡಿಸ್ಕ್ ಇದ್ದು ಇದು ಮೂರನೇ ಪ್ರತಿ ಆದ್ರೆ ಮಾತ್ರ ಅದು ಸಮ.

ಯಾಮಲ್‌ವೈರಿ
ಲ್ಯಾಂಬ್ಡಾ ಬಗ್ಗೆಯೂ ಹೇಳಿ. ಹದಿನೈದು ನಿಮಿಷದ ಮಿತಿ, ಟೆಂಪ್ ಜಾಗ ಸುರುವಿಗೆ 512 ಎಂಬಿ ಮಾತ್ರ. ಒಂದು ಸೈಡಿನ ವಾವ್ 778 ಎಂಬಿ, ಡೌನ್‌ಲೋಡ್ ಆಗುವಾಗಲೇ ಸಾಯ್ತದೆ. ಸೆಟ್ಟಿಂಗ್‌ನಲ್ಲಿ 10 ಜಿಬಿವರೆಗೆ ಏರಿಸಬಹುದು ಹೌದು. ಆದ್ರೆ ಔಟ್‌ಪುಟ್ ಅದೇ ಎಸ್3 ಬಕೆಟ್ಟಿಗೆ ಬರೆದ್ರೆ ಓಪಸ್ ಬಿದ್ದದ್ದಕ್ಕೆ ಮತ್ತೆ ಲ್ಯಾಂಬ್ಡಾ ಏಳ್ತದೆ, ಅದು ಬರೆದದ್ದಕ್ಕೆ ಇನ್ನೊಂದು. ಈಗ ಲ್ಯಾಂಬ್ಡಾವೇ ಇಂಥ ಸುತ್ತನ್ನು ಗುರುತಿಸಿ ಸ್ವಲ್ಪ ಹೊತ್ತಿಗೆ ನಿಲ್ಲಿಸ್ತದೆ, ಆದ್ರೂ ಅದನ್ನೇ ನಂಬಿ ಕೂರಬೇಡಿ. ಬಜೆಟ್ ಅಲರ್ಟ್ ಬರುವುದು ತಡವಾಗಿ, ಬಂದ್ರೂ ಅದು ಬರೀ ಕೂಗ್ತದೆ, ಏನನ್ನೂ ನಿಲ್ಲಿಸುವುದಿಲ್ಲ. ಇಷ್ಟು ರಗಳೆ ಯಾಕೆ? ಫೈಲ್ ರೂಪ ಬದಲಿಸುವ ಟೂಲ್ ಎಫ್‌ಎಫ್‌ಎಂಪೆಗ್ ಲ್ಯಾಪ್‌ಟಾಪ್‌ನಲ್ಲೇ ಒಂದು ಲೂಪ್ ಹಾಕಿ ಬಿಡಿ.

ಹಳೇಟೇಪು_ಉಡುಪಿ
ನೀವೆಲ್ಲ ಕ್ಯಾಸೆಟ್ ಆಗಲೇ ಕಂಪ್ಯೂಟರಿನೊಳಗೆ ಹೋಗಿ ಕೂತಿದೆ ಅನ್ನುವ ಹಾಗೆ ಮಾತಾಡ್ತಿದ್ದೀರಿ. ಮಂಡೆಬಿಸಿ ಇರುವುದೇ ಅದರ ಮೊದಲು.

ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಹುಡಿ ಕಂಡ್ರೆ ಅದು ಬೂಷ್ಟು. ಒಳ್ಳೆ ಡೆಕ್‌ಗೆ ಹಾಕಲೇಬೇಡಿ, ಹೆಡ್ಡು, ರೋಲರು ಎಲ್ಲ ಕಡೆ ಹರಡಿ ಮುಂದಿನ ಕ್ಯಾಸೆಟ್ಟಿಗೂ ದಾಟ್ತದೆ. ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಎರಡು ಮೂರು ವಾರ ಇಡಿ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಹೋದ್ರೂ ಅಡ್ಡಿಲ್ಲ, ಡಬ್ಬದೊಳಗೆ ಒಂದು ಸಣ್ಣ ತೇವಾಂಶ ಮೀಟರ್ ಇರಲಿ, ಶೇಕಡಾ ನಲವತ್ತರ ಕೆಳಗೆ ಇಳಿಯಬೇಕು. ಒಲೆ, ಹೇರ್ ಡ್ರೈಯರ್ ಬೇಡ. ಒಣಗಿದ ಮೇಲೆ, ಹಾಳಾದ್ರೂ ಚಿಂತೆಯಿಲ್ಲದ ಒಂದು ಹಳೆ ಪ್ಲೇಯರ್‌ನಲ್ಲಿ ಮುಂದಕ್ಕೆ ಹಿಂದಕ್ಕೆ ಸುತ್ತುತ್ತಾ ಅಂಚಿಗೆ ಮೆತ್ತನೆ ಒಣ ಬಟ್ಟೆ ತಾಗಿಸಿ ಹುಡಿ ತೆಗೀಬೇಕು. ಮಾಸ್ಕ್ ಹಾಕ್ಕೊಳ್ಳಿ. ಈ ಕೆಲಸ ಆಟಿ ತಿಂಗಳ ಮಳೆಯಲ್ಲಿ ಮಾಡುವುದಲ್ಲ, ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ.

ಸ್ವರ ಒಮ್ಮೆ ಸ್ಪಷ್ಟ, ಒಮ್ಮೆ ಕಂಬಳಿ ಹೊದ್ದ ಹಾಗೆ ಬಂದ್ರೆ ಎಐ ಹುಡುಕಬೇಡಿ. ಕ್ಯಾಸೆಟ್ ಬಾಯಲ್ಲಿ ನೋಡಿ, ಟೇಪನ್ನು ಹೆಡ್‌ಗೆ ಒತ್ತುವ ಸಣ್ಣ ಸ್ಪಂಜಿನ ಪ್ಯಾಡ್ ಉದುರಿರ್ತದೆ. ಐದು ಸ್ಕ್ರೂ ಇರುವ ಹೊಸ ಚಿಪ್ಪಿಗೆ ಎರಡೂ ಹಬ್ ಎತ್ತಿ ಕೂರಿಸಿ. ಅಂಟಿಸಿ ಮುಚ್ಚಿದ ಚಿಪ್ಪಾದ್ರೆ ಜೋಡಣೆಯ ಗೆರೆಯಲ್ಲಿ ಬ್ಲೇಡ್ ಹಾಕಿ ನಿಧಾನ ಬಿಡಿಸಬೇಕು. ಟೇಪ್ ತುಂಡಾಗಿದ್ರೆ 3.81 ಮಿಲಿಮೀಟರಿನ ಸ್ಪ್ಲೈಸಿಂಗ್ ಟೇಪೇ ಬೇಕು. ಸೆಲ್ಲೋಟೇಪಿನ ಅಂಟು ಸೆಕೆಗೆ ಕರಗಿ ಪಕ್ಕದ ಸುತ್ತಿಗೂ ಹಿಡೀತದೆ.

ಇನ್ನು ಅಜಿಮತ್. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಉಂಟಲ್ಲ, ಅದು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಓರೆಯಲ್ಲಿತ್ತೋ ನಿಮ್ಮ ಡೆಕ್ಕಿನ ಹೆಡ್ಡೂ ಅದೇ ಓರೆಗೆ ಬರಬೇಕು, ಇಲ್ಲದಿದ್ರೆ ತಾರಸ್ವರವೆಲ್ಲ ಮಾಯ. ಎರಡೂ ಚಾನೆಲ್ ಸೇರಿಸಿ ಮೊನೊದಲ್ಲಿ ಕೇಳುತ್ತಾ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ. ಜಾಗಟೆ ಎಲ್ಲಿ ಅತಿ ಹರಿತವಾಗಿ ಕೇಳ್ತದೋ ಅಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ, ಕೆಲವೊಮ್ಮೆ ಪ್ರತಿ ಸೈಡಿಗೂ ಇದು ಬೇರೆ. ಸ್ಕ್ರೂ ಡ್ರೈವರ್ ಅಯಸ್ಕಾಂತದ್ದಾಗಿರಬಾರದು.

ಚೆಂಡೆಪೆಟ್ಟು
ಭಟ್ರೋ ಶೆಟ್ರೋ ಗೊತ್ತಿಲ್ಲ, ಹಳೇಟೇಪಿನವರಿಗೆ ಒಂದು ನಮಸ್ಕಾರ. ಜಾಗಟೆಯಲ್ಲಿ ಅಜಿಮತ್ ಹಿಡಿಯುವುದು ಭರ್ಜರಿ ಉಪಾಯ.

ಕುಂದಾಪ್ರ_ಕೋಡರ್
ಹ್ವಾಯ್, ಡಾಲ್ಬಿ ಬಟನ್ ಒತ್ತಿದ್ರೆ ಹಿಸ್ ಕಮ್ಮಿ ಆತ್ತಲೆ? ಅದನ್ನೇ ಒತ್ತಿ ರೆಕಾರ್ಡ್ ಮಾಡಿ.

ಹಳೇಟೇಪು_ಉಡುಪಿ
ಬೇಡವೇ ಬೇಡ. ಡಾಲ್ಬಿ ಬಿ ಕೆಲಸ ಮಾಡುವುದು ರೆಕಾರ್ಡ್ ಮಾಡುವಾಗಲೂ ಡಾಲ್ಬಿ ಹಾಕಿದ್ರೆ ಮಾತ್ರ. ಟೂ-ಇನ್-ವನ್‌ನಲ್ಲಿ ಹಿಡಿದದ್ದಕ್ಕೆ ಹಾಕಿದ್ರೆ ಹಿಸ್ ಜೊತೆ ಸ್ವರದ ಮೇಲಿನ ಭಾಗವೂ ಹೋಗ್ತದೆ. ಟೇಪ್ ಸೆಲೆಕ್ಟರ್ ನಾರ್ಮಲ್‌ನಲ್ಲಿ, ಡಾಲ್ಬಿ ಆಫ್.

ಸಾಲ್ಡರ್_ಅಕ್ಕ
ಯುಎಸ್‌ಬಿ ಇರುವ ಅಗ್ಗದ ವಾಕ್‌ಮನ್ ತರದ್ದು ಆನ್‌ಲೈನ್‌ನಲ್ಲಿ ಸಿಗ್ತದಲ್ಲ, ಅದನ್ನು ತೆಗೊಳ್ಳಬೇಡಿ. ಮೋಟಾರಿನ ವೇಗ ನಿಲ್ಲುವುದಿಲ್ಲ, ಶ್ರುತಿ ಅಲ್ಲಾಡ್ತದೆ. ಹಳೆ ಡೆಕ್, ಅದರ ಲೈನ್ ಔಟ್‌ನಿಂದ ಲೈನ್ ಇನ್ ಇರುವ ಆಡಿಯೋ ಇಂಟರ್‌ಫೇಸ್, ಅಷ್ಟೆ. ಹೆಡ್‌ಫೋನ್ ತೂತಿನಿಂದ ತೆಗೀಬೇಡಿ. ಗರಿಷ್ಠ ಮಟ್ಟ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಇರಲಿ. ಪೀಠಿಕೆ ಕೇಳಿ ಲೆವೆಲ್ ಇಟ್ರೆ ಚೆಂಡೆ ಬಂದಾಗ ತಲೆ ಕತ್ತರಿಸಿ ಹೋಗ್ತದೆ, ಚೆಂಡೆ ಜೋರಾಗುವ ಏರುಪದ್ಯದ ಜಾಗ ಹುಡುಕಿ ಅಲ್ಲಿ ಇಡಿ.

ಗುಂಯ್ ಅಂತ ಸದ್ದು ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಹೆಚ್ಚಿನ ಗ್ರೌಂಡ್ ಲೂಪ್ ಅಲ್ಲಿಗೇ ನಿಲ್ತದೆ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ದಾಟಿದಾಗ ರೆಕಾರ್ಡಿಂಗ್ ನಿಲ್ಲಿಸಿ. ಆ ಕರಕರ ಮತ್ತೆ ತೆಗೀಲಿಕ್ಕೆ ಆಗುವುದಿಲ್ಲ.

ಕದ್ರಿಗುಡ್ಡೆ
ರೆಕಾರ್ಡಿಂಗ್ ಮೊನೊ. ಸ್ಟೀರಿಯೋ ಹಿಡಿದು ಜಾಗ ಹಾಳು ಮಾಡುವುದು ಯಾಕೆ?

ಹಳೇಟೇಪು_ಉಡುಪಿ
ಮೊನೊ ಟ್ರ್ಯಾಕಿನ ಅಗಲವನ್ನು ಸ್ಟೀರಿಯೋ ಹೆಡ್ ಎರಡಾಗಿ ಓದ್ತದೆ. ಅಂಚಿನ ಕಡೆಯ ಭಾಗ ಸುಕ್ಕಾಗಿ ಹಾಳಾಗಿದ್ರೆ ಒಳಗಿನ ಚಾನೆಲ್ ಚೆನ್ನಾಗಿರ್ತದೆ. ಎರಡೂ ಹಿಡಿದಿಟ್ಟರೆ ಮತ್ತೆ ಒಳ್ಳೆಯದ್ದನ್ನು ಆರಿಸಬಹುದು. ಎರಡನ್ನೂ ಕುರುಡಾಗಿ ಕೂಡಿಸಬೇಡಿ, ಅಜಿಮತ್ ಸ್ವಲ್ಪ ತಪ್ಪಿದ್ರೂ ಒಂದನ್ನೊಂದು ತಿಂದುಹಾಕ್ತವೆ.

ಬಂದರ್_ಬಿಟ್ಸ್
ವೇಗ ಸರಿಮಾಡ್ಲಿಕ್ಕೆ ಒಂದು ಉಪಾಯ: ರೆಕಾರ್ಡಿಂಗ್‌ನಲ್ಲಿ ಕರೆಂಟಿನ 50 ಹರ್ಟ್ಸ್ ಹಮ್ ಇರ್ತದೆ. ಸ್ಪೆಕ್ಟ್ರಮ್‌ನಲ್ಲಿ ಅದು 52ರಲ್ಲಿ ಕಂಡ್ರೆ ಟೇಪ್ ಶೇಕಡಾ 4 ವೇಗವಾಗಿ ಓಡ್ತಾ ಉಂಟು ಅಂತ ಅರ್ಥ. ಸ್ಕ್ರಿಪ್ಟ್ ಬರೆದ್ರೆ ಆಟೋಮ್ಯಾಟಿಕ್.

ಮದ್ದಳೆಮನೆ
ಯುರೋಪಿನ ಟೇಪಿಗೆ ಈ ಲೆಕ್ಕ ಸರಿ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಕರೆಂಟ್ 50ರಲ್ಲಿ ನಿಂತದ್ದೆಲ್ಲಿ? ಬೇಡಿಕೆ ಏರಿದಾಗ 49ರ ಕೆಳಗೆ ಇಳಿಯುವುದು ಮಾಮೂಲಿಯಾಗಿತ್ತು. 2002–03ರಲ್ಲಿ ಲಭ್ಯತೆ ಆಧರಿಸಿದ ದರ ಪದ್ಧತಿ ಬಂದ ಮೇಲೆ ಸ್ವಲ್ಪ ಹತೋಟಿಗೆ ಬಂತು. ದಕ್ಷಿಣದ ಗ್ರಿಡ್ ರಾಷ್ಟ್ರೀಯ ಗ್ರಿಡ್‌ಗೆ ಸೇರಿದ್ದಂತೂ 2013ರ ಡಿಸೆಂಬರ್ 31ಕ್ಕೆ. ರೆಕಾರ್ಡ್ ಮಾಡುವಾಗ ನಿಜವಾಗಿ 48 ಇದ್ದದ್ದನ್ನು ನೀವು 50 ಅಂತ ಹಿಡಿದು ಎಳೆದ್ರೆ ಭಾಗವತರ ಶ್ರುತಿ ಹಾರ್ಮೋನಿಯಂನ ಮುಕ್ಕಾಲು ಮನೆ ಮೇಲೆ ಹೋಗ್ತದೆ.

ಅದಕ್ಕಿಂತ ಹಾರ್ಮೋನಿಯಂ ಶ್ರುತಿ ಹಿಡಿಯಿರಿ. ಆ ಭಾಗವತರು ಸಾಮಾನ್ಯವಾಗಿ ಯಾವ ಮನೆಯಲ್ಲಿ ಹಾಡ್ತಿದ್ರು, ಕಪ್ಪು ಎರಡಾ, ಬಿಳಿ ನಾಲ್ಕಾ ಅಂತ ತಿಳಿದವರನ್ನು ಕೇಳಿ ಅದಕ್ಕೆ ಕೂರಿಸಿ. ಇನ್ನೊಂದು: ಸೆಲ್ ಹಾಕಿ ರೆಕಾರ್ಡ್ ಮಾಡಿದ್ದಾದ್ರೆ ಸೆಲ್ ಇಳಿದ ಹಾಗೆ ಟೇಪು ನಿಧಾನ ಓಡಿರ್ತದೆ, ಈಗ ಕೇಳುವಾಗ ಶ್ರುತಿ ಬರ್ತಾ ಬರ್ತಾ ಏರ್ತದೆ. ಸೈಡಿನ ಸುರು, ನಡು, ಕೊನೆ ಮೂರು ಕಡೆ ಅಳೆದು ಇಳಿಜಾರು ಕೊಡಬೇಕು. ಒಂದೇ ಅಂಕಿ ಇಡೀ ಸೈಡಿಗೆ ಸಾಲದು.

ಬಂದರ್_ಬಿಟ್ಸ್
ಒಪ್ಪಿದೆ. ಆದ್ರೆ ಸೈಡಿನೊಳಗಿನ ಏರಿಳಿತ ಹಿಡೀಲಿಕ್ಕೆ ಹಮ್ ಈಗಲೂ ಉಪಯೋಗ, ಮೈಕ್‌ಸೆಟ್ಟಿನ ಹಮ್ ಇದ್ರೆ. ಅಂಕಿ ಹಾರ್ಮೋನಿಯಂನದ್ದು, ಗ್ರಾಫ್ ಹಮ್‌ನದ್ದು. ಆಗಬಹುದಾ?

ಮದ್ದಳೆಮನೆ
ಆಗಬಹುದು. ತಿದ್ದದ ಫೈಲ್ ಮಾತ್ರ ಹಾಗೇ ಇರಲಿ.

ಪತ್ತನಾಜೆ
ಗದ್ದಲದ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಪಾಡ್‌ಕಾಸ್ಟಿನವರು ಬಳಸುವ ಎಐ ಟೂಲ್‌ಗೆ ಕೊಟ್ರೆ ಒಂದು ಕ್ಲಿಕ್. ಸ್ಟುಡಿಯೋದಲ್ಲಿ ಕೂತು ಹೇಳಿದ ಹಾಗೆ ಬರ್ತದೆ.

ಚೆಂಡೆಪೆಟ್ಟು
ಬರ್ತದೆ, ಚೆಂಡೆ ಬಿಟ್ಟು. ಆ ಟೂಲ್‌ಗಳು ಮಾತೊಂದೇ ಬೇಕು ಅಂತ ಕಲಿತವು. ಚೆಂಡೆ, ಜಾಗಟೆ, ಶ್ರುತಿ, ಜನ ನಕ್ಕದ್ದು ಎಲ್ಲ ಅವಕ್ಕೆ ಕಸ. ಆಲಾಪ ದೀರ್ಘವಾದ್ರೆ ಅದನ್ನೂ ಹಮ್ ಅಂತ ತಿಳ್ಕೊಂಡು ಅದುಮುತ್ತವೆ. ಹೊಸದಾಗಿ ಸ್ವರ ಸೃಷ್ಟಿಸುವ ಮಾಡೆಲ್‌ಗಳು ಇನ್ನೂ ಕಷ್ಟ: ಕೇಳದ ಅಕ್ಷರವನ್ನು ಊಹಿಸಿ ಸೇರಿಸ್ತವೆ. ಮಸುಕಾದ ಕಡೆ ಅರ್ಥಧಾರಿ ಹೇಳದ ಶಬ್ದ ಅವರ ಬಾಯಲ್ಲಿ ಸ್ಪಷ್ಟವಾಗಿ ಬರ್ತದೆ, ನಂತರ ಅದೇ ದಾಖಲೆ ಆಗಿಬಿಡ್ತದೆ.

ಡೆಮಕ್ಸ್ ಎಂಬ ಎಐ ಹಾಕಿ ಹಾಡು, ವಾದ್ಯ ಬೇರ್ಪಡಿಸುವ ಅಂತ ಇನ್ನೊಬ್ಬರು ಬರ್ತಾರೆ, ಈಗಲೇ ಹೇಳಿಬಿಡ್ತೇನೆ. ಅದು ಕಲಿತದ್ದು ಪಾಶ್ಚಾತ್ಯ ಹಾಡುಗಳಲ್ಲಿ: ಗಾಯನ, ಡ್ರಮ್, ಬಾಸ್, ಉಳಿದದ್ದು, ಸಾಮಾನ್ಯವಾಗಿ ನಾಲ್ಕೇ ಡಬ್ಬ. ಚೆಂಡೆಯ ಪೆಟ್ಟು ಡ್ರಮ್ ಡಬ್ಬಕ್ಕೆ, ಮದ್ದಳೆಯ ಎಡದ ಗುಂಕಾರ ಬಾಸ್‌ಗೆ, ಬಲದ ನಾದ ಎಲ್ಲೆಲ್ಲೋ ಹೋಗ್ತದೆ. ಒಂದೇ ವಾದ್ಯ ಮೂರು ಕಡೆ ಹರಿದು ಬೀಳ್ತದೆ.

ಹಳೇಟೇಪು_ಉಡುಪಿ
ಮಾಡಲೇಬೇಕಾದ್ರೆ ಆಡಿಯೋ ತಿದ್ದುವ ಉಚಿತ ಸಾಫ್ಟ್‌ವೇರ್ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಸಾಕು. ಆದ್ರೆ ಮಾದರಿಯನ್ನು ಸುರುವಿನ ಖಾಲಿ ಟೇಪಿನಿಂದ ತೆಗೀಬೇಡಿ, ಅದು ಬರೀ ಟೇಪಿನ ಹಿಸ್. ಮೈಕ್ ತೆರೆದಿದ್ದು ಯಾರೂ ಮಾತಾಡದ ಎರಡು ಸೆಕೆಂಡ್ ಹುಡುಕಿ. 6 ಡಿಬಿ, ಹೆಚ್ಚೆಂದ್ರೆ 8. ಹನ್ನೆರಡು, ಹದಿನೆಂಟು ಎಳೆದ್ರೆ ಪ್ರತಿ ಪೆಟ್ಟಿನ ಹಿಂದೆ ಸುಂಯ್ ಅಂತ ಬಾಲ ಬರ್ತದೆ.

ಪತ್ತನಾಜೆ
ಆದ್ರೂ ಮಳೆಯ ಸದ್ದು? ತಾಳಮದ್ದಳೆ ನಡೆಯುವುದೇ ಮಳೆಗಾಲದಲ್ಲಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಸದ್ದಲ್ಲಿ ಅರ್ಥವೇ ಕೇಳುವುದಿಲ್ಲ. ಅದನ್ನೂ ತೆಗೀಬಾರದಾ?

ಮದ್ದಳೆಮನೆ
ಕೇಳುವ ಪ್ರತಿಯಲ್ಲಿ ತಗ್ಗಿಸಿ, ಮೂಲದಲ್ಲಿ ಮುಟ್ಟಬೇಡಿ. ಮಳೆ ಜೋರಾದ ಕೂಡಲೇ ಅರ್ಥಧಾರಿ ದನಿ ಎತ್ತುತ್ತಾರೆ, ವಾಕ್ಯ ಚಿಕ್ಕದು ಮಾಡ್ತಾರೆ, ಭಾಗವತರು ಪದ್ಯ ಸ್ವಲ್ಪ ಬೇಗ ಎತ್ತಿಕೊಳ್ತಾರೆ. ಮಳೆ ಅಳಿಸಿದ್ರೆ ಇವರು ಯಾಕೆ ಕಿರುಚ್ತಿದ್ದಾರೆ ಅಂತ ಕೇಳುವವನಿಗೆ ತಿಳಿಯುವುದಿಲ್ಲ. ಎಷ್ಟು ತೆಗೆಯುವುದು, ಎಲ್ಲಿ ನಿಲ್ಲಿಸುವುದು ಅನ್ನುವುದೇ ಕದ್ರಿಯವರು ಕೇಳಿದ ಕ್ರಿಯೇಟಿವ್ ಭಾಗ ಅಂತ ನನ್ನ ಲೆಕ್ಕ. ಅದನ್ನು ಪೈಪ್‌ಲೈನಿಗೆ ಬಿಟ್ಟುಕೊಟ್ಟರೆ ಉಳಿಯುವುದು ಅಪ್‌ಲೋಡ್ ಬಾರ್ ಮಾತ್ರ.

ಯಾಮಲ್‌ವೈರಿ
ಪೈಪ್‌ಲೈನ್ ಕಟ್ಟುವುದರಲ್ಲಿ ಕಲೆ ಇಲ್ಲ ಅಂತ ಹೇಳುವವರು ಒಮ್ಮೆ ಕ್ಲೌಡಿನಲ್ಲಿ ಯಾರಿಗೆ ಏನು ಅನುಮತಿ ಅಂತ ಹೇಳುವ ಐಎಎಂ ಪಾಲಿಸಿ ಬರೆದು ನೋಡ್ಬೇಕು.

ಕುಂದಾಪ್ರ_ಕೋಡರ್
ಅದು ಕಲೆ ಅಲ್ಲ, ಗ್ರಹಚಾರ.

ಕದ್ರಿಗುಡ್ಡೆ
ಕುಬರ್ನೆಟೀಸ್ ಬಿಟ್ಟೆ. ವಿಸ್ಪರ್ ಬಗ್ಗೆ ಹೇಳಿ.

ಬಂದರ್_ಬಿಟ್ಸ್
ವಿಸ್ಪರ್ ಮೂವತ್ತು ಮೂವತ್ತು ಸೆಕೆಂಡಿನ ತುಂಡು ಮಾಡಿ ಓದ್ತದೆ. ತುಂಡಿನಲ್ಲಿ ಬರೀ ಚೆಂಡೆ ಇದ್ರೆ ಸುಮ್ಮನಿರುವುದಿಲ್ಲ, ಏನಾದ್ರೂ ವಾಕ್ಯ ಹುಟ್ಟಿಸ್ತದೆ, ಮತ್ತೆ ಅದನ್ನೇ ಹತ್ತು ಸಲ ಬರೀತದೆ. ಮೊದಲು ಮಾತಿರುವ ಭಾಗ ಮಾತ್ರ ಗುರುತಿಸಿ ಕತ್ತರಿಸಿ ಕೊಡಿ. ಹಿಂದಿನ ತುಂಡಿನ ಪಠ್ಯವನ್ನು ಮುಂದಿನದಕ್ಕೆ ಸುಳಿವಾಗಿ ಕೊಡುವ ಆಯ್ಕೆ ಆಫ್ ಮಾಡಿ, ಅರ್ಧ ಪುನರಾವರ್ತನೆ ಅಲ್ಲೇ ನಿಲ್ತದೆ. ಕನ್ನಡಕ್ಕೆ ಮದ್ರಾಸ್ ಐಐಟಿಯ ಎಐ4ಭಾರತ್‌ನವರ ಇಂಡಿಕ್ ಕನ್ಫಾರ್ಮರ್ ಕೂಡ ಹೋಲಿಸಿ ನೋಡಿ.

ತುಳು ಹಾಸ್ಯ ಬಂದ ಕಡೆ ಎರಡೂ ಕೈಕೊಡ್ತವೆ. ವಿಸ್ಪರ್‌ನ ಪಟ್ಟಿಯಲ್ಲಿ ತುಳು ಇಲ್ಲ. ಇಂಡಿಕ್ ಕನ್ಫಾರ್ಮರ್ ಇರುವುದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ, ಅದರಲ್ಲೂ ತುಳು ಇಲ್ಲ.

ಮದ್ದಳೆಮನೆ
ಪದ್ಯಗಳನ್ನು ಯಾಕೆ ಮೆಷಿನ್‌ನಿಂದ ಬರೆಸ್ತೀರಿ? ಪ್ರಸಂಗ ಅಚ್ಚಾಗಿ ಸಿಗ್ತದೆ. ಪದ್ಯ ಎತ್ತಿದ ಕೂಡಲೇ ಆಡಾಸಿಟಿಯಲ್ಲಿ ಕಂಟ್ರೋಲ್ ಮತ್ತು ಎಂ ಒತ್ತಿ ಮೊದಲ ಎರಡು ಶಬ್ದ ಬರೆಯಿರಿ, ರಾಗ ತಾಳ ಗೊತ್ತಿದ್ರೆ ಅದನ್ನೂ. ಲೇಬಲ್‌ಗಳನ್ನು ಟೆಕ್ಸ್ಟ್ ಫೈಲ್ ಆಗಿ ರಫ್ತು ಮಾಡಿದ್ರೆ ಸುರು, ಕೊನೆ, ಹೆಸರು ಮೂರು ಕಾಲಂ ಬರ್ತದೆ, ನೇರ ವೆಬ್‌ಸೈಟಿಗೆ ಹಾಕಬಹುದು. ಎರಡು ಪದ್ಯದ ನಡುವೆ ಇರುವುದೆಲ್ಲ ಅರ್ಥ. ಯಾರಾದ್ರೂ ಕರ್ಣಪರ್ವದ ಇಂಥ ಪದ್ಯಕ್ಕೆ ಮೂವರು ಹೇಗೆ ಅರ್ಥ ಹೇಳಿದ್ರು ಅಂತ ಹುಡುಕಿದ್ರೆ ಮೂರೂ ಕ್ಯಾಸೆಟ್ಟಿನ ಆ ಜಾಗವೇ ತೆರೆಯಬೇಕು. ಇದಕ್ಕೆ ಎಐ ಬೇಡ, ಕೂತು ಕೇಳ್ಬೇಕು.

ಬಂದರ್_ಬಿಟ್ಸ್
ಹುಡುಕಾಟಕ್ಕೆ ಒಂದು ಕಿವಿಮಾತು. ಒತ್ವದ ಕೊಂಬು (ಕೊ, ಮೊ ಅಕ್ಷರದ್ದು) ಒಂದೇ ಕೋಡ್ ಆಗಿಯೂ ಬರಬಹುದು, ಎರಡು ಕೋಡ್ ಸೇರಿಯೂ ಬರಬಹುದು. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಬೇರೆ. ಇಂಡೆಕ್ಸ್ ಮಾಡುವ ಮೊದ್ಲು ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು ಕಾಣದ ಜಾಯಿನರ್‌ಗಳನ್ನು ಕಿತ್ತುಹಾಕಿ. ಹುಡುಕುವವರ ಶಬ್ದಕ್ಕೂ ಅದೇ ಮಾಡಿ. ಇಲ್ಲದಿದ್ರೆ ಎದುರೇ ಇದ್ದದ್ದೂ ಸಿಗುವುದಿಲ್ಲ.

ಪತ್ತನಾಜೆ
ತುಳು ಭಾಗ ತುಳು ಲಿಪಿಯಲ್ಲೇ ಹಾಕ್ಲಿಕ್ಕೆ ಆಗುತ್ತಾ?

ಬಂದರ್_ಬಿಟ್ಸ್
2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಸೇರಿದೆ. ಆದ್ರೆ ಕೇಳುವವರ ಫೋನಿನಲ್ಲಿ ಫಾಂಟ್ ಇಲ್ಲದಿದ್ರೆ ಬರೀ ಚೌಕ ಕಾಣ್ತದೆ. ಈಗ ಕನ್ನಡ ಲಿಪಿ ಹಾಕಿ.

ಹಳೇಟೇಪು_ಉಡುಪಿ
ಫೈಲ್ ಹೆಸರಿನಲ್ಲಿ ಪ್ರಸಂಗ, ಊರು, ಭಾಗವತರು ಎಲ್ಲ ತುರುಕಬೇಡಿ. ಕ್ಯಾಸೆಟ್ಟಿಗೆ ನಂಬರ್, ಫೈಲಿಗೂ ಅದೇ ನಂಬರ್, ಸೈಡ್ ಎ ಅಥವಾ ಬಿ. ಉಳಿದದ್ದೆಲ್ಲ ಒಂದು ಸ್ಪ್ರೆಡ್‌ಶೀಟ್. ಒಳಗಿನ ಕಾಗದದಲ್ಲಿ ಬರೆದದ್ದನ್ನು ತಿದ್ದದೆ ಹಾಗೇ ನಕಲು ಮಾಡುವ ಕಾಲಂ, ಅದರ ಫೋಟೋ, ಪ್ರಸಂಗ, ಊರು, ದಿನ, ಹಿಮ್ಮೇಳ, ಮುಮ್ಮೇಳ. ಮತ್ತೆ ಬಹಳ ಜನ ಬಿಟ್ಟುಬಿಡುವ ಒಂದು ಕಾಲಂ: ಈ ಮಾಹಿತಿ ಯಾರು ಹೇಳಿದ್ದು. ಸ್ವರ ಕೇಳಿ ಇವರೇ ಅಂತ ಹೇಳಬಲ್ಲ ಹಿರಿಯರು ಈಗ ಸಿಗ್ತಾರೆ. ಸರ್ವರ್ ಮುಂದಿನ ವರ್ಷ ಕಟ್ಟಿದ್ರೂ ಆಗ್ತದೆ, ಅವರನ್ನು ಕೇಳುವ ಕೆಲಸ ಈ ವರ್ಷವೇ.

ಪತ್ತನಾಜೆ
ಒಂದು ಕಿಡಿಗೇಡಿ ಐಡಿಯಾ. ಮುನ್ನೂರು ಗಂಟೆ ಆಡಿಯೋ ಇದ್ರೆ ತೀರಿಕೊಂಡ ಅರ್ಥಧಾರಿಗಳ ಸ್ವರ ಕಲಿಸಿ ಹೊಸ ಪ್ರಸಂಗಕ್ಕೆ ಅರ್ಥ ಹೇಳಿಸಬಹುದಲ್ಲ? ಕ್ರಿಯೇಟಿವ್ ಅಂದ್ರೆ ಅದು.

ಚೆಂಡೆಪೆಟ್ಟು
ಸ್ವರ ಬಂದೀತು, ಅರ್ಥ ಬರುವುದಿಲ್ಲ. ತಾಳಮದ್ದಳೆಯಲ್ಲಿ ಮಾತು ಬರೆದಿಟ್ಟದ್ದಲ್ಲ, ಎದುರಿನವ ಕೊಕ್ಕೆ ಹಾಕಿದ್ದಕ್ಕೆ ಆ ಗಳಿಗೆಯಲ್ಲಿ ಹುಟ್ಟುವ ಉತ್ತರ. ನಿಮ್ಮ ಮಾಡೆಲ್ ಕೊಡುವುದು ಭಾಷಣ.

ಪತ್ತನಾಜೆ
ಎರಡು ಮಾಡೆಲ್ ಎದುರೆದುರು ಕೂರಿಸಿದ್ರೆ?

ಚೆಂಡೆಪೆಟ್ಟು
ಎರಡೂ ಒಂದನ್ನೊಂದು ಹೊಗಳಿಕೊಂಡು ಬೆಳಿಗ್ಗೆ ಮಾಡ್ತವೆ. ಅವಕ್ಕೆ ಸೋಲುವ ಹೆದರಿಕೆ ಉಂಟಾ?

ಕಾನೂನುಕಟ್ಟೆ
ತಮಾಷೆ ಇರಲಿ, ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯಿದೆಯ 38ನೇ ಕಲಮಿನಲ್ಲಿ ಪ್ರದರ್ಶಕರ ಹಕ್ಕಿದೆ. ಪ್ರದರ್ಶನ ನಡೆದ ಮರುವರ್ಷದ ಆರಂಭದಿಂದ 50 ವರ್ಷ. 1996ರ ಕೂಟ 2046ರ ಕೊನೆಯವರೆಗೆ. ಅದಕ್ಕೂ ಹಿಂದಿನದ್ದಾದರೂ ಕಲಾವಿದರನ್ನೋ ಮನೆಯವರನ್ನೋ ಕೇಳಿ ಹಾಕುವುದೇ ಮರ್ಯಾದೆ. 2012ರ ತಿದ್ದುಪಡಿಯಲ್ಲಿ 38ಬಿ ಸೇರಿತು: ತಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕು, ಮಾನಕ್ಕೆ ಕುಂದು ತರುವ ತಿರುಚುವಿಕೆಯನ್ನು ತಡೆಯುವ ಹಕ್ಕು ಪ್ರದರ್ಶಕರಿಗೆ ಉಂಟು. ಸ್ವರ ತದ್ರೂಪಿನ ಬಗ್ಗೆ ಯೋಚಿಸುವವರು ಅದನ್ನು ಮೊದಲು ಓದಿ.

ಇನ್ನೂರರಲ್ಲಿ ಅಂಗಡಿಯಿಂದ ತಂದ ಕ್ಯಾಸೆಟ್ ಇದ್ದರೆ ಅದು ಬೇರೆ ರಾಶಿ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಅಂಥದ್ದು ಸೈಟಿನಲ್ಲಿ ಬೇಡ.

ಸಾಲ್ಡರ್_ಅಕ್ಕ
ವೆಬ್‌ಸೈಟ್ ಮಾಡಿ, ಬೇಡ ಅಂತಲ್ಲ. ಆದ್ರೆ ಇದನ್ನು ಕೇಳುವವರಲ್ಲಿ ಅರ್ಧದಷ್ಟು ಜನ ಲಾಗಿನ್, ಪ್ಲೇಲಿಸ್ಟ್ ಅಂದ್ರೆ ಓಡುವ ಪ್ರಾಯದವರು. ಅವರಿಗೆ ಒಂದು ಪೆಟ್ಟಿಗೆ ಮಾಡಿ: ಮೇಲೆ ಕ್ಯಾಸೆಟ್ ಇಟ್ರೆ ಹಾಡಬೇಕು, ತೆಗೆದ್ರೆ ನಿಲ್ಲಬೇಕು.

ರಾಸ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್, ಕ್ಯಾಸೆಟ್ಟಿಗೆ ಅಂಟಿಸಿದ ಆರ್‌ಎಫ್‌ಐಡಿ ಸ್ಟಿಕ್ಕರ್ ಓದುವ ಆರ್‌ಸಿ522 ರೀಡರ್, ಮ್ಯಾಕ್ಸ್98357ಎ ಆಂಪ್, 4 ಓಮ್ 3 ವ್ಯಾಟ್ ಸ್ಪೀಕರ್, ತಿರುಗುವ ಗುಬ್ಬಿಗೆ ಒಂದು ಎನ್‌ಕೋಡರ್, 5 ವೋಲ್ಟ್ 2.5 ಆಂಪಿಯರ್ ಅಡಾಪ್ಟರ್. ರೆಕಾರ್ಡಿಂಗ್ ಮೊನೊ ಆದ ಕಾರಣ ಒಂದೇ ಆಂಪ್ ಸಾಕು. ಓಪಸ್ ಎಲ್ಲ 8.6 ಜಿಬಿ ಅಂತ ಬಂದರ್‌ನವರು ಲೆಕ್ಕ ಕೊಟ್ಟಿದ್ದಾರೆ, 32 ಜಿಬಿ ಕಾರ್ಡಿನಲ್ಲಿ ಆರಾಮ. ನೆಟ್ ಬೇಡ, ಕ್ಲೌಡೂ ಬೇಡ.

ವೈರಿಂಗ್: ಆಂಪಿನ ಬಿಟ್ ಕ್ಲಾಕ್ ಜಿಪಿಐಒ 18ಕ್ಕೆ, ಎಡಬಲ ಕ್ಲಾಕ್ 19ಕ್ಕೆ, ಡೇಟಾ 21ಕ್ಕೆ. ರೀಡರಿನ ಎಸ್‌ಡಿಎ 8, ಕ್ಲಾಕ್ 11, ಮೋಸಿ 10, ಮಿಸೋ 9, ರೀಸೆಟ್ 25. ಒಂದಕ್ಕೊಂದು ಜಗಳ ಇಲ್ಲ. ರೀಡರಿಗೆ 3.3 ವೋಲ್ಟ್ ಮಾತ್ರ, 5 ಕೊಟ್ರೆ ಕಥೆ ಮುಗೀತು. ಆಂಪಿಗೆ 5 ವೋಲ್ಟ್, ಅದರ ಬುಡದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಇಲ್ಲದಿದ್ರೆ ಚೆಂಡೆಯ ಉರುಳಿಕೆ ಬರುವಾಗ ವೋಲ್ಟೇಜ್ ಕುಸಿದು ಪೈ ರೀಸ್ಟಾರ್ಟ್ ಆಗ್ತದೆ. ಗೇನ್ ಪಿನ್ ಖಾಲಿ ಬಿಟ್ರೆ 9 ಡಿಬಿ, ಗ್ರೌಂಡಿಗೆ ಕೊಟ್ರೆ 12. ಇದರಲ್ಲಿ ಹಾರ್ಡ್‌ವೇರ್ ವಾಲ್ಯೂಮ್ ಇಲ್ಲ, ಲಿನಕ್ಸಿನ ಧ್ವನಿ ವ್ಯವಸ್ಥೆ ಆಲ್ಸಾದಲ್ಲಿ ಸಾಫ್ಟ್‌ವೋಲ್ ಬರೆಯಬೇಕು.

ಯಾಮಲ್‌ವೈರಿ
ಕರೆಂಟ್ ಹೋದ್ರೆ ಎಸ್‌ಡಿ ಕಾರ್ಡ್ ಹಾಳಾಗ್ತದಲ್ಲ ಅಕ್ಕ. ನಮ್ಮಲ್ಲಿ ಮೇ ತಿಂಗಳ ಗುಡುಗಿಗೆ ಎಷ್ಟು ಸಲ ಹೋಗ್ತದೆ!

ಸಾಲ್ಡರ್_ಅಕ್ಕ
ಅದಕ್ಕೆ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ, ಕಾರ್ಡಿಗೆ ಬರಹವೇ ಇಲ್ಲ. ತೊಡಕು ಏನೆಂದ್ರೆ ಎಲ್ಲಿಗೆ ನಿಲ್ಲಿಸಿದ್ದು ಅನ್ನುವುದೂ ಮರೆತುಹೋಗ್ತದೆ, ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಅದು ದೊಡ್ಡ ಕಿರಿಕಿರಿ. ಸಣ್ಣದೊಂದು ಬೇರೆ ಪಾರ್ಟಿಷನ್ ಬರೆಯುವ ಹಾಗೆ ಇಟ್ಟು, ಕ್ಯಾಸೆಟ್ ಎತ್ತಿದಾಗ ಮತ್ತು ಐದು ನಿಮಿಷಕ್ಕೊಮ್ಮೆ ಜಾಗ ಬರೆಯಿರಿ. ಹಾಳಾದ್ರೂ ಆ ಪಾರ್ಟಿಷನ್ ಮಾತ್ರ ಹಾಳಾಗ್ತದೆ. ಸಿಡಿಲಿರುವಾಗ ಅಡಾಪ್ಟರ್ ಕಿತ್ತಿಡಿ, ಅದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ.

ಕದ್ರಿಗುಡ್ಡೆ
ಇದು ಸೂಪರ್. ಆದ್ರೆ ಮೂಲ ಕ್ಯಾಸೆಟ್ಟಿಗೇ ಆರ್‌ಎಫ್‌ಐಡಿ ಸ್ಟಿಕ್ಕರ್ ಅಂಟಿಸಿದ್ರೆ ಟೇಪ್ ಅಳಿಸಿಹೋಗುವುದಿಲ್ವಾ?

ಸಾಲ್ಡರ್_ಅಕ್ಕ
ರೀಡರಿನಿಂದ ಟೇಪಿಗೆ ಏನೂ ಆಗುವುದಿಲ್ಲ, ಅಪಾಯ ಸ್ಪೀಕರಿನ ಅಯಸ್ಕಾಂತದ್ದು. ಹಾಗಾಗಿ ಮೂಲ ಕ್ಯಾಸೆಟ್ ಬೇಡ. ಪ್ಯಾಡ್ ಉದುರಿ ಚಿಪ್ಪು ಬದಲಿಸಿದವು ಇರ್ತವಲ್ಲ, ಆ ಖಾಲಿ ಹಳೆ ಚಿಪ್ಪುಗಳು, ಅದರ ಮೇಲಿನ ಕೈಬರಹದ ಲೇಬಲ್ ಸಮೇತ, ಅವೇ ನಿಮ್ಮ ಬೀಗದ ಕೈಗಳು. ಎನ್‌ಟ್ಯಾಗ್213 ಸ್ಟಿಕ್ಕರ್ ಒಳಬದಿಗೆ, ಲೇಬಲ್ಲಿನ ಹಿಂದೆ ಅಂಟಿಸಿ. ಟೇಪ್ ಹೊರಗೆ ಕಾಣುವ ಬಾಯಿ ಕಡೆ ಅಲ್ಲ, ಅಲ್ಲಿ ಪ್ಯಾಡಿನ ಹಿಂದೆ ಲೋಹದ ತಗಡು ಉಂಟು, ರೀಡರ್ ಓದುವುದಿಲ್ಲ. ಪೆಟ್ಟಿಗೆಯ ಮುಚ್ಚಳ 6 ಮಿಲಿಮೀಟರಿಗಿಂತ ದಪ್ಪ ಬೇಡ.

ಕುಂದಾಪ್ರ_ಕೋಡರ್
ಮುಚ್ಚಳ ಹಲಸಿನ ಮರದ್ದು ಮಾಡಿ ಮರ್ರೆ. ಮದ್ದಳೆಯೂ ಅದೇ ಮರ.

ಮದ್ದಳೆಮನೆ
ಆರು ಮಿಲಿಮೀಟರಿನ ಹಲಸಿನ ಹಲಗೆ ಮಳೆಗಾಲಕ್ಕೆ ಬಾಗ್ತದೆ. ಮುಚ್ಚಳಕ್ಕೆ ಪ್ಲೈ, ಬದಿಗೆ ಬೇಕಾದ್ರೆ ಹಲಸು.

ಪತ್ತನಾಜೆ
ಮನೆಯಲ್ಲಿ ವಿಎಚ್‌ಎಸ್‌ನಲ್ಲಿ ಹಿಡಿದ ಬಯಲಾಟವೂ ಉಂಟು. ಅದಕ್ಕೂ ಇದೇ ವಿಧಾನವಾ?

ಹಳೇಟೇಪು_ಉಡುಪಿ
ಅಲ್ಲ. ಹೆಡ್ಡೇ ತಿರುಗುವ ಯಂತ್ರ ಅದು, ಬೂಷ್ಟು ಇದ್ದದ್ದು ಹಾಕಿದ್ರೆ ಹೆಡ್ ಹೋಗ್ತದೆ. ಬೇರೆ ಥ್ರೆಡ್ ಹಾಕಿ, ಇಲ್ಲಿ ಬೆರೆಸಬೇಡಿ.

ಕದ್ರಿಗುಡ್ಡೆ
ಹಾಗಾದ್ರೆ ತೀರ್ಮಾನ: 48/24 ಸ್ಟೀರಿಯೋ ಫ್ಲ್ಯಾಕ್ ಮೂಲ, ಮುಟ್ಟುವುದಿಲ್ಲ. ಮನೆಯಲ್ಲಿ ಎರಡು ಡಿಸ್ಕ್, ಹೊರಗೆ ಬಿ2. ಎಫ್‌ಎಫ್‌ಎಂಪೆಗ್ ಲ್ಯಾಪ್‌ಟಾಪ್‌ನಲ್ಲಿ. ಪದ್ಯದ ಲೇಬಲ್ ಕೈಯಲ್ಲಿ, ಅರ್ಥಕ್ಕೆ ಮಾತ್ರ ಎಐ ಕರಡು. ಪೆಟ್ಟಿಗೆ ಆಮೇಲೆ. ಬೂಷ್ಟು ಇಲ್ಲದವುಗಳಿಂದ ಸುರು ಮಾಡ್ತೇನೆ. ಡೆಕ್ ಒಂದು ನೋಡಿಟ್ಟಿದ್ದೇನೆ, ಮೋಟಾರ್ ತಿರುಗ್ತದೆ, ಟೇಪ್ ಓಡುವುದಿಲ್ಲ. ತೆಗೊಳ್ಳಬಹುದಾ?

ಯಾಮಲ್‌ವೈರಿ
ಡಿಸ್ಕ್‌ಗಳನ್ನು ಕಪಾಟಿನಲ್ಲಿಟ್ಟು ಮರೀಬೇಡಿ. ಆರು ತಿಂಗಳಿಗೊಮ್ಮೆ ಹಚ್ಚಿ ಫ್ಲ್ಯಾಕ್‌ನ ಟೆಸ್ಟ್ ಓಡಿಸಿ. ಫೈಲಿನೊಳಗೇ ಎಂಡಿ5 ಇರ್ತದೆ, ಕೆಟ್ಟಿದ್ರೆ ಹೇಳ್ತದೆ. ಇದೊಂದಕ್ಕೆ ಬೇಕಾದ್ರೆ ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್ ಹಾಕಿ ಖುಷಿ ಪಡಿ.

ಹಳೇಟೇಪು_ಉಡುಪಿ
ಮೋಟಾರ್ ತಿರುಗಿ ಟೇಪ್ ಓಡದಿದ್ರೆ ಹೆಚ್ಚಾಗಿ ಬೆಲ್ಟು. ಹಳೆ ರಬ್ಬರ್ ಡಾಮರಿನ ಹಾಗೆ ಕರಗಿ ಪುಲ್ಲಿಗೆ ಹಿಡಿದಿರ್ತದೆ, ಆಲ್ಕೋಹಾಲಿನಲ್ಲಿ ಪೂರ್ತಿ ಒರೆಸಿ. ಪುಲ್ಲಿಗಳ ಸುತ್ತ ನೂಲು ಸುತ್ತಿ ಉದ್ದ ಅಳೆಯಿರಿ, ಅದಕ್ಕಿಂತ ಶೇಕಡಾ 5 ಕಡಿಮೆ ಸುತ್ತಳತೆಯ ಬೆಲ್ಟ್ ತೆಗೊಳ್ಳಿ. ಬಿಗಿ ಜಾಸ್ತಿಯಾದ್ರೆ ಮೋಟಾರಿನ ಬುಷ್ ಸವೀತದೆ, ಕಡಿಮೆಯಾದ್ರೆ ಶ್ರುತಿ ತೇಲ್ತದೆ. ಮಾರುವವನಿಗೆ ಬೆಲ್ಟ್ ವಿಷಯ ಹೇಳದೆ ಕ್ರಯ ಮಾತಾಡಿ.